ಒಂದು ಆಲ್ಕೊ ಲೋಕೋ, ಎರಡು ಸೌಂಡ್ ಡಿಕೋಡರ್

ನನ್ನ ಮಾದರಿ ರೈಲಿನ ಎಚ್‌ಒ ಅಳತೆಯ (ನಿಜದ್ದರ ಸುಮಾರು 87ನೇ ಒಂದು ಭಾಗ) ಡಬ್ಲ್ಯುಡಿಎಂ-3ಎ, ಅಂದರೆ ಅಮೆರಿಕದ ಆಲ್ಕೊ ವಿನ್ಯಾಸದ ಡೀಸೆಲ್ ಲೋಕೋದ ಮಾದರಿಗೆ ಮೊದಲು ಕೂರಿಸಿದ್ದು 6,000 ರೂಪಾಯಿಯ ಸೌಂಡ್ ಡಿಕೋಡರನ್ನು, ಅಂದರೆ ಲೋಕೋದ ಓಟವನ್ನೂ ಸದ್ದನ್ನೂ ನಡೆಸುವ ಪುಟ್ಟ ಸರ್ಕ್ಯೂಟನ್ನು. ನಾಲ್ಕೇ ತಿಂಗಳಲ್ಲಿ ಅದನ್ನು ಕಿತ್ತು, ಹೆಚ್ಚುಕಡಿಮೆ ಎರಡು ಪಟ್ಟು ಬೆಲೆಯ ಇನ್ನೊಂದನ್ನು ಹಾಕಿದೆ. ಆದ್ದರಿಂದ ಈ ಹೋಲಿಕೆ ಎರಡನೆಯದರ ಪಕ್ಷಪಾತಿಯೊಬ್ಬ ಬರೆದದ್ದು.

ಮೊದಲನೆಯದರ ಧ್ವನಿಮುದ್ರಣದಲ್ಲಿ ದೋಷವಿರಲಿಲ್ಲ. ತೊಡಕು ಒಂದೇ: ಎಂಜಿನ್ನಿನ ಸದ್ದನ್ನು ಅದು ಚಕ್ರದ ವೇಗಕ್ಕೆ ಕಟ್ಟಿಹಾಕಿತ್ತು. ಡೀಸೆಲ್-ಎಲೆಕ್ಟ್ರಿಕ್ ಲೋಕೋದಲ್ಲಿ ಎಂಜಿನ್ ತಿರುಗಿಸುವುದು ಜನರೇಟರನ್ನು. ಚಕ್ರ ತಿರುಗಿಸುವುದು ಟ್ರ್ಯಾಕ್ಷನ್ ಮೋಟಾರು. ಲೋಕೋ ಪೈಲಟ್ ನಾಚ್ (ಥ್ರಾಟಲಿನ ಮೆಟ್ಟಿಲು) ಏರಿಸಿದಾಗ, ಎಂಜಿನ್ನಿನ ಸುತ್ತನ್ನು ಕಾಯುವ ಗವರ್ನರ್‌ಗೆ ತಲುಪುವುದು ಎಂಜಿನ್ ಎಷ್ಟು ಸುತ್ತಿನಲ್ಲಿ ನಿಲ್ಲಬೇಕೆಂಬ ಆಜ್ಞೆ ಮಾತ್ರ. ಆಲ್ಕೊದಲ್ಲಿ ಅದು ಐಡಲ್‌ಗೆ, ಅಂದರೆ ಎಳೆತವಿಲ್ಲದೆ ಸುಮ್ಮನೆ ತಿರುಗುವಾಗ, ನಿಮಿಷಕ್ಕೆ ಸುಮಾರು 400, ಎಂಟನೇ ನಾಚ್‌ಗೆ ಸುಮಾರು 1,000. ಹೊರೆ ಬಿದ್ದು ಸುತ್ತು ಕುಸಿಯತೊಡಗಿದರೆ ಹಳೆಯ ಗವರ್ನರ್‌ನೊಳಗೆ ತಿರುಗುವ ತೂಕಗಳು ಒಳಕ್ಕೆ ಸರಿಯುತ್ತವೆ, ಎಣ್ಣೆಯ ಒತ್ತಡ ಇಂಧನದ ಹರಿವನ್ನು ಹೆಚ್ಚುಕಡಿಮೆ ಮಾಡುವ ರ‍್ಯಾಕನ್ನು ತಳ್ಳುತ್ತದೆ, ಸುತ್ತು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಸುತ್ತು ಬದಲಾಗದಿದ್ದರೂ ದನಿ ಮಾತ್ರ ದಪ್ಪಗಾಗುತ್ತದೆ.

ಸಕಲೇಶಪುರದಲ್ಲಿ ಗೂಡ್ಸ್ ಹೊರಡುವುದನ್ನು ಕೇಳಿದವರಿಗೆ ಇದು ಗೊತ್ತು. ನಾಚ್ ಏರಿದೊಡನೆ ಡೀಸೆಲ್ ಸುರಿಯುತ್ತದೆ, ಆದರೆ ನಿಷ್ಕಾಸದ ಬಲದಿಂದಲೇ ತಿರುಗಿ ಎಂಜಿನ್ನಿಗೆ ಗಾಳಿ ತುಂಬಬೇಕಾದ ಟರ್ಬೊ ಇನ್ನೂ ಎಚ್ಚೆತ್ತಿರುವುದಿಲ್ಲ; ಹಾಗಾಗಿ ಮೊದಲು ಕರಿಹೊಗೆ, ಆಮೇಲೆ ಟರ್ಬೊದ ಸಿಳ್ಳು. ಅಷ್ಟು ಆರ್ಭಟಿಸಿದರೂ ಗಾಡಿ ನಡೆಯುವವನ ಜೊತೆಗೇ ಸಾಗುತ್ತಿರುತ್ತದೆ. ನನ್ನ ಮಾದರಿಯೋ, ಹನ್ನೆರಡು ವ್ಯಾಗನ್ ಎಳೆದುಕೊಂಡು ಬೆಕ್ಕಿನಂತೆ ಸದ್ದಿಲ್ಲದೆ ಹೊರಟು, ಇಳಿಜಾರಿನಲ್ಲಿ ಐಡಲ್‌ಗೆ ಬಂದು ಸುಮ್ಮನಿರಬೇಕಾದ ಕಡೆ ಗಂಟಲು ಹರಿದುಕೊಳ್ಳುತ್ತಿತ್ತು. ಸೆಟ್ಟಿಂಗ್ ತಿದ್ದುತ್ತ ಮೂರು ರಾತ್ರಿ ಕೂತೆ. ಹೊರಡುವಾಗಿನ ಸದ್ದು ಜೋರಾಯಿತು, ಆದರೆ ನಿಲ್ದಾಣಕ್ಕೆ ನಿಧಾನವಾಗಿ ಬರುವಾಗಲೂ ಅಷ್ಟೇ ಜೋರಾಗಿ ಕೂಗತೊಡಗಿತು. ವೇಗ ಒಂದೇ ಆದರೆ ಅದಕ್ಕೆ ಏರುವುದೂ ಒಂದೇ, ಇಳಿಯುವುದೂ ಒಂದೇ.

ಎರಡನೆಯದರಲ್ಲಿ ವೇಗವನ್ನು ಹಿಡಿದಿಟ್ಟು ಎಂಜಿನ್ನಿನ ಸದ್ದನ್ನಷ್ಟೇ ಏರಿಳಿಸುವ ಕೀಲಿಯಿದೆ. ಅದು ಮೋಟಾರಿನ ಶ್ರಮವನ್ನೂ ಅಳೆಯುವುದರಿಂದ ಏರು ಹತ್ತುವಾಗ ದನಿ ತಾನಾಗಿಯೇ ಭಾರವಾಗುತ್ತದೆ. ಕೀಲಿ ಕೈಗೆ ಹತ್ತಲು ವಾರ ಬೇಕಾಯಿತು, ಈಗಲೂ ಒಮ್ಮೊಮ್ಮೆ ಬಿಡಲು ಮರೆಯುತ್ತೇನೆ.

ಹಾರ್ನ್ ಎರಡರಲ್ಲೂ ಸಾಧಾರಣ. ಎರಡು ಸ್ಟ್ರೋಕಿನ ಇಎಂಡಿ (ಇನ್ನೊಂದು ಅಮೆರಿಕನ್ ವಿನ್ಯಾಸ) ಲೋಕೋಗಳನ್ನು ಇವುಗಳಲ್ಲಿ ಪರೀಕ್ಷಿಸಿಲ್ಲ, ಆ ಗುಂಯ್‌ಗುಡುವಿಕೆ ನನಗೆ ಹಿಡಿಸುವುದೂ ಇಲ್ಲ.

ನನ್ನ ಹಳಿಯಲ್ಲಿ ಏರುದಾರಿಯಿದೆ. ನಾನು ಓಡಿಸುವುದೂ ಗೂಡ್ಸನ್ನೇ, ಅದೂ ನಿಧಾನವಾಗಿ. ಹಾಗಾಗಿ ಹೆಚ್ಚಿನ ದುಡ್ಡು ದಂಡವೆನಿಸಲಿಲ್ಲ, ಆ ವರ್ಷ ಹೊಸ ಬೋಗಿ ಕೊಳ್ಳಲಾಗಲಿಲ್ಲ ಅಷ್ಟೆ. ಕಿತ್ತ ಡಿಕೋಡರ್ ಅಣ್ಣನ ಮಗನ ಲೋಕೋ ಸೇರಿತು. ಅವನ ಹಳಿ ಸಮತಟ್ಟು, ಗಾಡಿಗೆ ಎರಡೇ ಬೋಗಿ. ಅವನಿಂದ ಇದುವರೆಗೆ ದೂರು ಬಂದಿಲ್ಲ.