ಗದಗಿನ ಸವಳು ನೀರಿನಲ್ಲಿ 15 ಲೀಟರ್ ಗೀಸರ್

ಸ್ಟಾರ್ ರೇಟಿಂಗ್, ಬಣ್ಣ, ಅಳತೆ ಎಲ್ಲ ಡಬ್ಬದ ಮೇಲೇ ಇದೆ, ಅದನ್ನು ಬಿಡೋಣ. ಬೆಟಗೇರಿಯ ನಮ್ಮ ಮನೆಗೆ ಈ ಗೀಸರ್ ಬಂದಿದ್ದು ಅತ್ತೆಯವರ ಸಲುವಾಗಿ. ಹಂಡೆಯ ಮುಂದೆ ಕೂತು ಹೊಗೆಯಲ್ಲಿ ಒಲೆ ಊದೋದು ಅವರಿಂದ ಆಗುತ್ತಿರಲಿಲ್ಲ.

ಮೊದಲು ಹಿಡಿಸಿದ್ದು ಅದರ ಟಕ್ ಸದ್ದು. ಬೆಳಿಗ್ಗೆ ಸ್ವಿಚ್ ಹಾಕಿ, ಚಹಾಕ್ಕೆ ಇಟ್ಟು, ಅಂಗಳಕ್ಕೆ ನೀರು ಹೊಡೆದು ರಂಗೋಲಿ ಎಳೆದು ಒಳಗೆ ಬರುತ್ತೇನೆ. ಚಹಾ ಸೋಸುವಷ್ಟರಲ್ಲಿ ಬಚ್ಚಲಿನಿಂದ ಟಕ್! ಕೆಂಪು ದೀಪ ಆರುತ್ತದೆ. ಅದು ಥರ್ಮೋಸ್ಟಾಟ್ ಕೆಲಸ. ನಮ್ಮದರಲ್ಲಿ ಒಂದು ಹಿತ್ತಾಳೆ ಕೊಳವೆ, ಅದರೊಳಗೆ ಇನ್ವಾರ್ ಅನ್ನೋ ಲೋಹದ ಕಡ್ಡಿ ಇದೆ. ಕಾದರೆ ಹಿತ್ತಾಳೆ ಹಿಗ್ಗುತ್ತದೆ, ಇನ್ವಾರ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಆ ಕೂದಲೆಳೆ ವ್ಯತ್ಯಾಸವೇ ಕರೆಂಟ್ ಕಡಿಯುತ್ತದೆ. ಚಿಪ್ಪೂ ಇಲ್ಲ, ಆ್ಯಪೂ ಇಲ್ಲ.

ಮಾವನವರು ಮಾತ್ರ ಚಳಿ ಬಂತೆಂದರೆ ಬಿಸಿ ಹೆಚ್ಚುಕಡಿಮೆ ಮಾಡುವ ನಾಬನ್ನು ಪೂರ್ತಿ ತಿರುಗಿಸುತ್ತಾರೆ. "ಲಗೂನ ಕಾಯ್ತೈತಿ" ಅಂತಾರೆ. ಕಾಯೋದಿಲ್ಲ. ನೀರು ಕಾಯಿಸುವ 2000 ವ್ಯಾಟ್ ಎಲಿಮೆಂಟ್‌ಗೆ ಆನ್, ಆಫ್ ಎರಡೇ ಗೊತ್ತು. ಯಾವಾಗ ನಿಲ್ಲಬೇಕು ಅನ್ನೋದನ್ನಷ್ಟೇ ನಾಬ್ ಹೇಳುತ್ತದೆ. 15 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು ಸುಮಾರು 20 ನಿಮಿಷ ಬೇಕೇ ಬೇಕು. ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟ್, ಅಷ್ಟೇ.

ಸಿಟ್ಟು ಬಂದಿದ್ದು ಆಮೇಲೆ. ಕಾಯುವಾಗ ಒಳಗಿಂದ ಚುರ್ ಚುರ್ ಸದ್ದು ಶುರುವಾಯಿತು, ಬರಬರುತ್ತಾ ಗುಡುಗುಡು. ಒಂದು ಬೆಳಿಗ್ಗೆ ದೀಪ ಹತ್ತಿದೆ, ನೀರು ಮಾತ್ರ ತಣ್ಣಗೆ. ಮೆಕ್ಯಾನಿಕ್ ಕೆಳಗಿನ ನಟ್ ಬಿಚ್ಚಿ ಎಳೆದರೆ ಎಲಿಮೆಂಟ್ ಬರಲೊಲ್ಲದು. ಕೊನೆಗೆ ಬಂದಾಗ ಅದರ ತಾಮ್ರದ ಹೊದಿಕೆ ಕಾಣಲೇ ಇಲ್ಲ, ಮೇಲೆಲ್ಲ ಬೆರಳು ದಪ್ಪ ಬಿಳಿ ಹಕ್ಕಳೆ. ಟ್ಯಾಂಕಿನ ಬದಲು ತಾನು ಸವೆಯಬೇಕಾದ ಮೆಗ್ನೀಸಿಯಂ ಆನೋಡ್ ಕಡ್ಡಿ ಬರೀ ತಂತಿಯಾಗಿತ್ತು.

ನಮ್ಮದು ಬೋರಿನ ಸವಳು ನೀರು. ಬಿಸಿಯಾದಷ್ಟೂ ಅದರಲ್ಲಿನ ಕ್ಯಾಲ್ಸಿಯಂ ಸುಣ್ಣವಾಗಿ ಕೂರುತ್ತದೆ, ಅದೂ ಎಲ್ಲಕ್ಕಿಂತ ಬಿಸಿಯಾದ ಎಲಿಮೆಂಟ್ ಮೇಲೇ ಮೊದಲು. ಎಲಿಮೆಂಟ್ ಒಳಗೆ ಕರೆಂಟ್ ಹರಿದಾಗ ಕಾಯುವ ನೈಕ್ರೋಮ್ ತಂತಿ, ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ. ಆ ಪುಡಿ ಶಾಖವನ್ನು ಹೊರಗೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಹೊರಗೆ ಸುಣ್ಣ ಕಟ್ಟಿದರೆ ಶಾಖ ಬೇಗ ನೀರಿಗೆ ಇಳಿಯದೆ ತಂತಿಯೇ ಸುಡುತ್ತದೆ. ಸುಣ್ಣ ಕಟ್ಟಿದರೆ ಬಿಲ್ ಏರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಹೆಸ್ಕಾಂ ಬಿಲ್‌ನಲ್ಲಿ ಅಂಥದ್ದೇನೂ ಕಾಣಲಿಲ್ಲ. ನೀರಲ್ಲೇ ಮುಳುಗಿದ ಎಲಿಮೆಂಟ್‌ನ ಶಾಖ ಬೇರೆಲ್ಲಿಗೆ ಹೋಗಬೇಕು ಹೇಳಿ?

ಕಂಪನಿಯವರಿಗೆ ಫೋನ್ ಮಾಡಿದರೆ "ಸವಳು ನೀರಿಗೆ ವಾರಂಟಿ ಬರೂದಿಲ್ರಿ" ಅಂದರು. ಮಾರುವಾಗ ನಿಮ್ಮದು ಯಾವ ನೀರು ಅಂತ ಒಬ್ಬರೂ ಕೇಳಲಿಲ್ಲ. ಗದಗಿನಲ್ಲಿ ಗೀಸರ್ ಮಾರುವವರು ಕೇಳಬೇಕಾದ ಮೊದಲ ಪ್ರಶ್ನೆಯೇ ಅದಲ್ವಾ?

ಈಗ ತಾಮ್ರದ ಬದಲು ಇನ್‌ಕಲಾಯ್ ಅನ್ನೋ ನಿಕ್ಕಲ್ ಮಿಶ್ರಲೋಹದ ಹೊದಿಕೆಯ ಎಲಿಮೆಂಟ್ ಹಾಕಿಸಿದ್ದೇನೆ, ಸವಳು ನೀರಿಗೆ ಅದು ಗಟ್ಟಿ. ನಾಬ್ 55 ಡಿಗ್ರಿಯ ಆಸುಪಾಸಿನಲ್ಲಿದೆ, ಮಾವನವರ ಕೈಗೆ ಸಿಗದಂತೆ ಮೇಲೆ ಟೇಪ್ ಸುತ್ತಿದ್ದೇನೆ. ತುಂಗಭದ್ರೆ ನೀರು ನಳಕ್ಕೆ ಬಂದ ದಿನ ಮೇಲಿನ ಟ್ಯಾಂಕ್‌ಗೆ ಅದನ್ನೇ ತುಂಬುತ್ತೇವೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮುಂಚೆ ಒಮ್ಮೆ ಬಿಚ್ಚಿಸಿ ತೊಳೆಸುವುದು ರೂಢಿಯಾಗಿದೆ. ಗುಡುಗುಡು ನಿಂತಿದೆ, ಅತ್ತೆಯವರಿಗೂ ಖುಷಿ.

ಐದಕ್ಕೆ ಮೂರು ಸ್ಟಾರ್. ಬಿಡಿಭಾಗ ಗದಗಿನಲ್ಲೇ ಸಿಗುತ್ತದೆ, ಹುಬ್ಬಳ್ಳಿಗೆ ಓಡಬೇಕಿಲ್ಲ, ಅದಕ್ಕೆ ಇನ್ನರ್ಧ ಸೇರಿಸಿಕೊಳ್ಳಿ.