ಸ್ಟಾಕ್‌ಹೋಮ್‌ನಿಂದ ಹಡಗು: ಹಗಲಿನ ತುರ್ಕುವೋ, ರಾತ್ರಿಯ ಹೆಲ್ಸಿಂಕಿಯೋ?

ಊರಿಂದ ಅಪ್ಪ-ಅಮ್ಮ ಸ್ಟಾಕ್‌ಹೋಮ್‌ಗೆ ಬಂದರೆ ಹಡಗಿನಲ್ಲಿ ಒಂದು ಸುತ್ತು ಕರೆದುಕೊಂಡು ಹೋಗುವುದು ಇಲ್ಲಿನ ಕನ್ನಡದವರ ಮಾಮೂಲಿ ಕಾರ್ಯಕ್ರಮ. ಸಾಮಾನು ತೂಗುವವರಿಲ್ಲ. ಡಬ್ಬಿಯಲ್ಲಿ ಚಪಾತಿ ಕಟ್ಟಿಕೊಂಡು ಹೋಗಬಹುದು. ಸ್ವೀಡನ್ನಿನ ಷೆಂಗೆನ್ ವೀಸಾ ಫಿನ್‌ಲ್ಯಾಂಡಿಗೂ ಎಸ್ಟೋನಿಯಾಕ್ಕೂ ಸಾಕು, ಪಾಸ್‌ಪೋರ್ಟ್ ಮಾತ್ರ ಕೈಯಲ್ಲಿರಬೇಕು. ಹಾಗಾಗಿ ಹೋಗಬೇಕಾ ಬೇಡವಾ ಅನ್ನುವ ಯೋಚನೆ ಯಾರಿಗೂ ಇಲ್ಲ. ಯಾವ ಹಡಗು ಅನ್ನುವುದಷ್ಟೇ ತಲೆನೋವು.

ಯಾರನ್ನು ಕೇಳಿದರೂ ಹೆಲ್ಸಿಂಕಿಯ ರಾತ್ರಿ ಹಡಗು ಅನ್ನುತ್ತಾರೆ. ನಾನು ಹೇಳುವುದು ತುರ್ಕುವಿನ ಹಗಲು ಹಡಗು. ಬೆಳಿಗ್ಗೆ ಎಂಟರೊಳಗೆ ಸ್ಟಾಕ್‌ಹೋಮ್ ಬಿಟ್ಟರೆ ಸಂಜೆ ಫಿನ್‌ಲ್ಯಾಂಡಿನ ಪಶ್ಚಿಮದ ಮೂಲೆಯ ಆ ಹಳೇ ಊರು. ಎರಡರಲ್ಲೂ ಹೋಗಿ ಬಂದಿದ್ದೇನೆ, ಎಸ್ಟೋನಿಯಾದ ರಾಜಧಾನಿ ಟಾಲಿನ್‌ಗೆ ಹೋಗುವ ಹಡಗನ್ನೂ ಹತ್ತಿದ್ದೇನೆ. ಈ ದಾರಿಗಳಲ್ಲೆಲ್ಲ ಓಡುವುದು ಒಂದೇ ಕಂಪನಿಯ ಹಡಗಲ್ಲ. ಕಂಪನಿಗಳನ್ನು ನಾನು ಹೋಲಿಸಲು ಹೋಗುವುದಿಲ್ಲ. ಊಟ, ಅಂಗಡಿ, ಮಂಚದ ಅಗಲ ಎಲ್ಲ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ದಾರಿಯಲ್ಲಿ ಮತ್ತು ಹೊತ್ತಿನಲ್ಲಿ.

ಬರೀ ಹಡಗು ನೋಡುವ ಆಸೆ ಇದ್ದರೆ ಹೆಲ್ಸಿಂಕಿಯದ್ದಕ್ಕೆ ಸಾಟಿ ಇಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಸಿಲ್ಯಾ ಸೆರೆನೇಡ್, ಸಿಲ್ಯಾ ಸಿಂಫೊನಿ ಅಂತ ಜೋಡಿ ಹಡಗುಗಳಿವೆ, 1990 ಮತ್ತು 1991ರಲ್ಲಿ ಕಟ್ಟಿದ್ದು. 203 ಮೀಟರ್ ಉದ್ದ. ಒಳಗೆ ನಡುಮಧ್ಯೆ ಸುಮಾರು 140 ಮೀಟರಿನ ಒಂದು ಬೀದಿ. ಬೀದಿ ಅಂದರೆ ಬೀದಿಯೇ: ಎರಡೂ ಕಡೆ ಅಂಗಡಿ, ಹೋಟೆಲು, ಮೇಲೆ ಗಾಜಿನ ಚಾವಣಿ, ಆ ಬೀದಿ ಕಡೆಗೆ ಕಿಟಕಿ ಇರುವ ಕ್ಯಾಬಿನ್‌ಗಳು. ಈಗ ಮಯಾಮಿಯಿಂದ ಹೊರಡುವ ಭಾರೀ ಕ್ರೂಸ್ ಹಡಗುಗಳಲ್ಲಿ ಇಂಥದ್ದೇ ಬೀದಿ ಇರುತ್ತದಲ್ವಾ, ಅದಕ್ಕೂ ಎಷ್ಟೋ ವರ್ಷ ಮೊದಲೇ ಈ ಬಾಲ್ಟಿಕ್ ಫೆರಿಗಳಲ್ಲಿ ಅದು ಬಂದಿತ್ತು. ಇವನ್ನು ಕಟ್ಟಿದ್ದು ತುರ್ಕುವಿನಲ್ಲಿ. 1999ರ ವಾಯೇಜರ್ ಆಫ್ ದಿ ಸೀಸ್ ಕೂಡ ಅದೇ ಊರಿನದ್ದು. 2023ರಲ್ಲಿ 365 ಮೀಟರ್ ಉದ್ದದ ಐಕಾನ್ ಆಫ್ ದಿ ಸೀಸ್ ಹೊರಬಿದ್ದದ್ದೂ ಅಲ್ಲಿಂದಲೇ. ನನ್ನ ಹೆಂಡತಿ ಆ ಬೀದಿಗೆ ಮರುಳಾದವಳು. ಮಕ್ಕಳೂ ಅಷ್ಟೇ.

ಆದರೆ ಬೀದಿ ನೋಡುವುದಕ್ಕೆ ಸಮುದ್ರಕ್ಕೆ ಯಾಕೆ ಬರಬೇಕು ಅನ್ನುವುದು ನನ್ನ ತಕರಾರು. ಸಂಜೆಗೆ ಮುಂಚೆ ಹೊರಡುವ ಹಡಗು ಸ್ಟಾಕ್‌ಹೋಮ್ ಕಡೆಯ ದ್ವೀಪಗಳನ್ನು ದಾಟುವಷ್ಟರಲ್ಲಿ ಹೊತ್ತು ಹೋಗಿರುತ್ತದೆ. ಜೂನ್, ಜುಲೈನಲ್ಲಿ ಬೆಳಕಿರುತ್ತದೆ, ಸರಿ. ಅಕ್ಟೋಬರಿನಲ್ಲಿ ಹೋದರೆ ಕಿಟಕಿಯಾಚೆ ಬರೀ ಕತ್ತಲು. ಬೆಳಿಗ್ಗೆ ಏಳುವ ಹೊತ್ತಿಗೆ ತೆರೆದ ಕಡಲು, ಆಮೇಲೆ ಹೆಲ್ಸಿಂಕಿ.

ಇನ್ನು ನಿದ್ದೆ. ಎಲ್ಲರೂ "ಆರಾಮಾಗಿ ಮಲಗಿ ಎದ್ದರೆ ಇನ್ನೊಂದು ದೇಶ" ಅನ್ನುತ್ತಾರೆ. ರಾತ್ರಿ ಹಡಗುಗಳು ನಡುದಾರಿಯಲ್ಲಿ ಓಲಾಂಡ್ ದ್ವೀಪದಲ್ಲಿ ನಿಲ್ಲುತ್ತವೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೆಲ್ಸಿಂಕಿಗೆ ಹೋಗುವುದು ನಡುರಾತ್ರಿಯ ಹೊತ್ತಿಗೆ ನಿಂತರೆ, ತುರ್ಕುವಿನಿಂದ ರಾತ್ರಿ ಬರುವುದು ಒಂದು ಗಂಟೆಯ ಸುಮಾರಿಗೆ. ನಾವು ಒಮ್ಮೆ ತುರ್ಕುವಿನಿಂದ ರಾತ್ರಿ ಹಡಗಿನಲ್ಲಿ ವಾಪಸ್ ಬಂದೆವು, ಇದ್ದುದರಲ್ಲಿ ಅಗ್ಗದ ಕ್ಯಾಬಿನ್‌ನಲ್ಲಿ. ನಾವು ಹತ್ತಿದ ಹಡಗಿನಲ್ಲಿ ಅಗ್ಗದ ಕ್ಯಾಬಿನ್ ಅಂದರೆ ಕಾರ್ ಡೆಕ್ಕಿನ, ಅಂದರೆ ಕಾರು-ಲಾರಿ ನಿಲ್ಲಿಸುವ ಅಂತಸ್ತಿನ ಕೆಳಗೆ.

ಲಿಫ್ಟ್ ಇಳಿಯಿತು, ಇಳಿಯಿತು, ಇಳಿಯುತ್ತಲೇ ಇತ್ತು. "ಇನ್ನೂ ಕೆಳಗೇನೋ? ಇದೇನು ಹಗೇವಾ?" ಅಂದಳು ಅಮ್ಮ. ಅಪ್ಪ ಸುಮ್ನಿರಬೇಕೋ ಬೇಡವೋ. "ಇಲ್ಲಿ ನಾವು ನೀರಿಗಿಂತ ಕೆಳಗಿದ್ದೀವಿ ಕಣೇ, ಲಾರಿಗಳೆಲ್ಲ ನಮ್ಮ ತಲೆ ಮೇಲೆ" ಅಂದುಬಿಟ್ಟರು. ಅಮ್ಮ ಚಪ್ಪಲಿಯನ್ನು ಮಂಚದ ಪಕ್ಕಕ್ಕೇ ಎಳೆದಿಟ್ಟುಕೊಂಡು ಮಲಗಿದಳು.

ಒಂದು ಗಂಟೆಗೆ ಮೊದಲು ಮಂಚ ನಡುಗಲು ಶುರುವಾಯಿತು. ಅದು ಬೋ ಥ್ರಸ್ಟರ್. ಹಡಗಿನ ಮೂತಿಯ ಹತ್ತಿರ, ನೀರಿನ ಮಟ್ಟದ ಕೆಳಗೆ ಅಡ್ಡಡ್ಡ ಕೂರಿಸಿದ ಪ್ರೊಪೆಲ್ಲರ್. ದಕ್ಕೆಗೆ ತಾಗಿಸುವಾಗ ಹಡಗನ್ನು ಪಕ್ಕಕ್ಕೆ ತಳ್ಳುವುದು ಅದರ ಕೆಲಸ. ಮುಂಭಾಗದ ಕೆಳಗಿನ ಕ್ಯಾಬಿನ್‌ನಲ್ಲಿದ್ದರೆ ಗೋಡೆಯಾಚೆ ಜಲ್ಲಿ ಮಿಷನ್ ಓಡಿಸಿದ ಹಾಗೆ ಸದ್ದು. ಅದು ನಿಂತಿತು ಅನ್ನುವಾಗ ಮೇಲೆ ಸರಪಳಿ ಬಿಚ್ಚುವ ಸದ್ದು, ಕಬ್ಬಿಣದ ರ‍್ಯಾಂಪ್ ಧಡ್ ಅಂತ ಬಿದ್ದದ್ದು, ಲಾರಿ ಎಂಜಿನ್‌ಗಳು. ಒಂದಷ್ಟು ಲಾರಿ ಇಳಿದವು, ಒಂದಷ್ಟು ಹತ್ತಿದವು. ಮತ್ತೆ ಸರಪಳಿ. ಮತ್ತೆ ಥ್ರಸ್ಟರ್. ಎಲ್ಲ ಸೇರಿ ಅರ್ಧ ಗಂಟೆಯೂ ಇಲ್ಲ, ಆದರೆ ನಿದ್ದೆ ಹೋದದ್ದು ಹೋಯಿತು. ಆರೂವರೆಗೆ ಸ್ಟಾಕ್‌ಹೋಮ್ ಅಂದ ಮೇಲೆ ಅದಕ್ಕೂ ಮುಂಚೆಯೇ ಸ್ಪೀಕರ್‌ನಲ್ಲಿ ಮೂರು ಭಾಷೆಯ ಸುಪ್ರಭಾತ.

ಇಷ್ಟಕ್ಕೂ ಆ ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲಿ ಯಾಕೆ ನಿಲ್ಲಬೇಕು? ತೆರಿಗೆ. ಓಲಾಂಡ್ ಫಿನ್‌ಲ್ಯಾಂಡಿಗೆ ಸೇರಿದ ದ್ವೀಪಗಳ ಗುಂಪು, ಆದರೆ ಅಲ್ಲಿನ ಮಾತು ಸ್ವೀಡಿಷ್, ಆಡಳಿತ ತನ್ನದೇ. 1995ರಲ್ಲಿ ಯುರೋಪಿಯನ್ ಯೂನಿಯನ್‌ಗೆ ಸೇರುವಾಗ ವ್ಯಾಟ್ ವ್ಯವಸ್ಥೆಯ ಹೊರಗೆ ಉಳಿಯುವ ವಿನಾಯಿತಿ ಪಡೆಯಿತು. 1999ರ ಜುಲೈನಲ್ಲಿ ಯೂನಿಯನ್ ಒಳಗಿನ ದೇಶಗಳ ನಡುವೆ ಡ್ಯೂಟಿ ಫ್ರೀ ಮಾರಾಟ ನಿಂತಾಗ ಹಡಗಿನವರಿಗೆ ಈ ವಿನಾಯಿತಿಯೇ ದಾರಿಯಾಯಿತು. ಓಲಾಂಡಿಗೆ ಒಮ್ಮೆ ಮುಟ್ಟಿ ಹೋದರೆ ಸಾಕು, ಹಡಗಿನ ಅಂಗಡಿಯಲ್ಲಿ ತೆರಿಗೆ ಇಲ್ಲದ ವಿಸ್ಕಿ, ಸಿಗರೇಟು, ಚಾಕೊಲೇಟ್ ಮಾರಬಹುದು. ಟಿಕೆಟ್ ಅಷ್ಟು ಅಗ್ಗ ಇರುವುದರಲ್ಲಿ ಆ ಅಂಗಡಿಯ ಪಾಲು ದೊಡ್ಡದು. ಕುಡಿಯದ, ಸೇದದ ನಮ್ಮಂಥವರ ನಿದ್ದೆ ಕೆಟ್ಟದ್ದು ಯಾರದ್ದೋ ಬಾಟಲಿಗೆ. ಇಷ್ಟೆಲ್ಲ ಕೇಳಿದ ಮೇಲೆ ಅಮ್ಮ ಅಂದದ್ದು ಒಂದೇ: "ಹಾಗಾದ್ರೆ ಆ ಚಾಕೊಲೇಟಾದ್ರೂ ತಗೋಬೇಕಿತ್ತು."

ಅಪ್ಪನ ಚಿಂತೆ ಬೇರೆ. ಅವರು ಬರುವ ಮೊದಲೇ ಎಸ್ಟೋನಿಯಾ ಅನ್ನುವ ಹೆಸರಿನ ಹಡಗು ಮುಳುಗಿದ ಬಗ್ಗೆ ಓದಿಕೊಂಡಿದ್ದರು. ಟಾಲಿನ್ ದಾರಿ ಬೇಡ ಅಂತ ಪಟ್ಟು ಹಿಡಿದದ್ದೂ ಅದಕ್ಕೇ. 1994ರ ಸೆಪ್ಟೆಂಬರ್ 27ರ ಸಂಜೆ ಅದು ಟಾಲಿನ್‌ನಿಂದ ಸ್ಟಾಕ್‌ಹೋಮ್‌ಗೆ ಹೊರಟಿತ್ತು. ರಾತ್ರಿ ಒಂದು ದಾಟಿದ ಮೇಲೆ, ಬಿರುಗಾಳಿಯಲ್ಲಿ, ವಾಹನ ಹತ್ತಿಸಲು ತೆರೆಯುವ, ಹಡಗಿನ ಮೂತಿಯ ಮುಚ್ಚಳದ ಬೀಗಗಳು ಅಲೆಯ ಹೊಡೆತಕ್ಕೆ ಕಿತ್ತುಹೋದವು. ಮುಚ್ಚಳ ಕಳಚಿ ಬೀಳುವಾಗ ಒಳಗಿನ ರ‍್ಯಾಂಪನ್ನೂ ಎಳೆದು ತೆರೆಯಿತು. ಕಾರ್ ಡೆಕ್ಕಿಗೆ ನೀರು ನುಗ್ಗಿತು. ಒಂದು ಗಂಟೆಯೊಳಗೆ ಹಡಗು ಮುಳುಗಿತು. 989 ಜನರಲ್ಲಿ 852 ಮಂದಿ ಸತ್ತರು, ಅವರಲ್ಲಿ 501 ಮಂದಿ ಸ್ವೀಡನ್ನಿನವರು.

ಅಷ್ಟು ದೊಡ್ಡ ಹಡಗು ಅಷ್ಟು ಬೇಗ ಹೇಗೆ ಮುಳುಗುತ್ತದೆ ಅಂತ ನನಗೂ ಮೊದಲು ಅರ್ಥವಾಗಿರಲಿಲ್ಲ. ನಮ್ಮ ಸಾಗರದ ಕಡೆಯವರಿಗೆ ಸಿಗಂದೂರು ಲಾಂಚ್ ನೆನಪಿರುತ್ತದೆ. ಬಸ್ಸನ್ನೇ ಹತ್ತಿಸಿಕೊಂಡು ಶರಾವತಿ ಹಿನ್ನೀರು ದಾಟುತ್ತಿತ್ತಲ್ಲ, ಅದೇ. ಅದರ ಡೆಕ್ ಬಯಲು, ನೀರು ಬಿದ್ದರೆ ಹಾಗೇ ಹರಿದು ಹೋಗುತ್ತದೆ. ಕಡಲಿನ ಫೆರಿಯ ಕಾರ್ ಡೆಕ್ ಹಾಗಲ್ಲ. ಮೂತಿಯಿಂದ ಬಾಲದವರೆಗೆ ಅಡ್ಡಗೋಡೆ ಇಲ್ಲದ ಮುಚ್ಚಿದ ಹಜಾರ. ಒಳಗೆ ಬಂದ ನೀರು ಒಂದು ಕಡೆ ಸರಿದರೆ ಹಡಗು ಆ ಕಡೆ ವಾಲುತ್ತದೆ, ವಾಲಿದರೆ ಇನ್ನಷ್ಟು ನೀರು ಅಲ್ಲಿಗೇ ಬರುತ್ತದೆ. 1987ರಲ್ಲಿ ಬೆಲ್ಜಿಯಂನ ಜೀಬ್ರೂಗ ಬಂದರಿನ ಬಾಯಲ್ಲೇ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಮಗುಚಿ 193 ಜನ ಸತ್ತದ್ದೂ ಇದೇ ರೀತಿ, ಅಲ್ಲಿ ಮುಂಬಾಗಿಲು ಮುಚ್ಚದೆಯೇ ಹೊರಟಿದ್ದರು. ಎಸ್ಟೋನಿಯಾ ಆದ ಮೇಲೆ 1996ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಅಂತ ಆಯಿತು. ಹಡಗಿಗೆ ಏಟು ಬಿದ್ದು ಕಾರ್ ಡೆಕ್ಕಿನಲ್ಲಿ ಅರ್ಧ ಮೀಟರ್‌ವರೆಗೆ ನೀರು ನಿಂತರೂ ಮಗುಚಬಾರದು ಅನ್ನುವ ಲೆಕ್ಕ ಅದು. ಈಗ ಓಡುವ ಹಡಗುಗಳು ಆ ಲೆಕ್ಕಕ್ಕೆ ಒಳಪಟ್ಟವು, ಹಾಗಾಗಿ ಭಯಕ್ಕೆ ಟಾಲಿನ್ ಬಿಡಬೇಕಾಗಿಲ್ಲ. ಅಪ್ಪನಿಗೆ ಇದನ್ನು ಹೇಳಿದೆ. ಕೇಳಿಸಿಕೊಂಡರು, ಒಪ್ಪಲಿಲ್ಲ.

ಅವರು ಹೆಕ್ಕಿ ತೋರಿಸಿದ ಇನ್ನೊಂದು ವಿಷಯ ನನ್ನ ವಾದಕ್ಕೇ ಬಲ ಕೊಟ್ಟಿತು. ಎಸ್ಟೋನಿಯಾ ಮೂಲತಃ ವೈಕಿಂಗ್ ಸ್ಯಾಲಿ ಅನ್ನುವ ಹೆಸರಿನ ಹಡಗು. 1980ರಲ್ಲಿ ಜರ್ಮನಿಯ ಪಾಪೆನ್‌ಬುರ್ಗ್‌ನಲ್ಲಿ ಕಟ್ಟಿ, ಮೊದಲು ಓಡಿಸಿದ್ದು ಇದೇ ತುರ್ಕು, ಸ್ಟಾಕ್‌ಹೋಮ್ ನಡುವೆ. ಅಂದರೆ ಹೆಚ್ಚಿನಂಶ ದ್ವೀಪಗಳ ಮರೆಯಲ್ಲಿ. ತೆರೆದ ಕಡಲಿನ ಟಾಲಿನ್ ದಾರಿಗೆ ಬಂದದ್ದು ಆಮೇಲೆ, 1993ರಲ್ಲಿ.

ಸ್ಟಾಕ್‌ಹೋಮ್‌ನ ಯೂರ್‌ಗೋರ್ಡನ್ ದ್ವೀಪದಲ್ಲಿ ಆ ಹಡಗಿನ ಸ್ಮಾರಕ ಇದೆ, ಸತ್ತವರ ಹೆಸರು ಕೆತ್ತಿದ ಗ್ರಾನೈಟ್ ಗೋಡೆಗಳು. 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿದ ವಾಸಾ ಹಡಗಿನ ಮ್ಯೂಸಿಯಂ ಅದರ ಪಕ್ಕದಲ್ಲೇ. ವಾಸಾ ನೋಡಲು ಹೋದವರು ಹತ್ತು ಹೆಜ್ಜೆ ಆಚೆ ನಡೆದು ಇದನ್ನೂ ನೋಡಿ.

ಕ್ರೂಸ್‌ಗೆ ಹೋಗಿ ಅಭ್ಯಾಸ ಇರುವವರಿಗೆ ಒಂದು ಮಾತು. ಅಲ್ಲಿ ಹೊರಡುವ ಮುಂಚೆ ಲೈಫ್ ಜಾಕೆಟ್ ಡ್ರಿಲ್ ಮಾಡಿಸುತ್ತಾರೆ. 2012ರಲ್ಲಿ ಇಟಲಿಯ ಜೀಲ್ಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಾಗ, ಅವತ್ತಷ್ಟೇ ಹತ್ತಿದ್ದವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು. ಆದರೆ ಅದು 24 ಗಂಟೆಗಿಂತ ಹೆಚ್ಚು ಹಡಗಿನಲ್ಲಿರುವವರಿಗೆ. ಇಲ್ಲಿನ ಒಂದು ರಾತ್ರಿಯ ಫೆರಿಯಲ್ಲಿ ಯಾರೂ ನಿಮ್ಮನ್ನು ಕರೆದು ತೋರಿಸುವುದಿಲ್ಲ. ಕ್ಯಾಬಿನ್ ಬಾಗಿಲ ಹಿಂದಿನ ನಕ್ಷೆಯನ್ನು ನೀವೇ ನೋಡಿಕೊಳ್ಳಬೇಕು.

ಈಗ ನನ್ನ ಹಗಲು ಹಡಗು. ಹೊರಟ ಗಳಿಗೆಯಿಂದ ಕಣ್ಣಿಗೆ ಕೆಲಸ. ಸ್ಟಾಕ್‌ಹೋಮ್‌ನ ಮುಂದಿನ ಕಡಲಿನಲ್ಲಿ ಸಣ್ಣಪುಟ್ಟ ಬಂಡೆಗಳನ್ನೂ ಸೇರಿಸಿದರೆ ಸುಮಾರು 30,000 ದ್ವೀಪಗಳಿವೆ. ಹಡಗು ಅವುಗಳ ಸಂದಿಯಲ್ಲಿ ನುಸುಳಿಕೊಂಡು ಹೋಗುತ್ತದೆ. ಫುರುಸುಂಡ್ ಅನ್ನುವ ಕಡೆ ದಾರಿ ಎಷ್ಟು ಕಿರಿದು ಅಂದರೆ ಹತ್ತಂತಸ್ತಿನ ಹಡಗು ಕೆಂಪು ಮರದ ಮನೆಗಳ ಅಂಗಳವನ್ನು ಸವರಿಕೊಂಡೇ ಹೋದಂತೆ ಅನ್ನಿಸುತ್ತದೆ. ಬಟ್ಟೆ ಒಣಹಾಕುತ್ತಿದ್ದ ಹೆಂಗಸಿಗೆ ಅಮ್ಮ ಕೈ ಬೀಸಿದಳು, ಆಕೆಯೂ ಬೀಸಿದಳು. ಆಮೇಲೆ ಸ್ವಲ್ಪ ಹೊತ್ತು ತೆರೆದ ಕಡಲು. ವಾಂತಿ ಬರುವವರು ಆ ಹೊತ್ತಿಗೆ ಮಾತ್ರ ಹುಷಾರಾಗಿದ್ದರೆ ಸಾಕು. ಮಧ್ಯಾಹ್ನ ಓಲಾಂಡಿನ ಮಾರಿಯೆಹಾಮ್ನ್. ಹೌದು, ಅದೇ ತೆರಿಗೆಯ ನಿಲುಗಡೆ. ಹಗಲಿನಲ್ಲಿ ಅದೂ ಒಂದು ನೋಟವೇ: ಆಸ್ಟ್ರೇಲಿಯಾದಿಂದ ಗೋಧಿ ಹೊತ್ತು ತರುತ್ತಿದ್ದ, 1903ರಲ್ಲಿ ಕಟ್ಟಿದ ನಾಲ್ಕು ಪಟಸ್ತಂಭದ ಪೊಮ್ಮರ್ನ್ ಹಾಯಿಹಡಗು ಅಲ್ಲೇ ನಿಂತಿರುತ್ತದೆ, ಡೆಕ್ಕಿನಿಂದಲೇ ಕಾಣುತ್ತದೆ. ಅಲ್ಲಿಂದ ತುರ್ಕುವರೆಗೆ ಮತ್ತೆ ದ್ವೀಪಗಳು. ಅಪ್ಪ ಊಟಕ್ಕೆ ಬಿಟ್ಟರೆ ಒಳಗೆ ಬರಲಿಲ್ಲ.

ಹಗಲಿನಲ್ಲಿ ಕ್ಯಾಬಿನ್ ಕಡ್ಡಾಯ ಅಲ್ಲ. ವಯಸ್ಸಾದವರಿದ್ದರೆ ತಗೊಳ್ಳಿ, ಮಧ್ಯಾಹ್ನ ಕಾಲು ಚಾಚಲು ಬೇಕಾಗುತ್ತದೆ, ರಾತ್ರಿಯದ್ದಕ್ಕಿಂತ ಅಗ್ಗ.

ಊಟ: ಬಫೆ ಅಂದರೆ ಮೀನಿನ ಮೆರವಣಿಗೆ. ಸಸ್ಯಾಹಾರಿಗಳಿಗೆ ಆಲೂಗಡ್ಡೆ, ಸಲಾಡ್, ಬ್ರೆಡ್, ಚೀಸ್. ಪುಳಿಯೋಗರೆ ಕಟ್ಟಿಕೊಂಡು ಹೋಗಿ.

ದುಡ್ಡಿನ ಲೆಕ್ಕದಲ್ಲಿ ಹೆಲ್ಸಿಂಕಿಯೇ ಗೆಲ್ಲುತ್ತದೆ, ಹಡಗೇ ಹೋಟೆಲ್ ಆಗುತ್ತದಲ್ಲ. ನನ್ನ ದಾರಿಯಲ್ಲಿ ತುರ್ಕುವಿನಲ್ಲಿ ಒಂದು ರಾತ್ರಿಯ ರೂಮ್ ಖರ್ಚು ಜಾಸ್ತಿ ಬೀಳುತ್ತದೆ. ಮಾರನೇ ದಿನ ಬಂದರಿನ ಹತ್ತಿರದ ಕೋಟೆ ನೋಡಿ ರೈಲು ಹತ್ತಿದರೆ ಸುಮಾರು ಎರಡು ಗಂಟೆಯಲ್ಲಿ ಹೆಲ್ಸಿಂಕಿ. ಅದನ್ನೂ ಸುತ್ತಿ ಅಲ್ಲಿಂದ ರಾತ್ರಿ ಹಡಗಿನಲ್ಲಿ ವಾಪಸ್. ಆಗ ಮಾತ್ರ ಕಾರ್ ಡೆಕ್ಕಿನ ಮೇಲಿನ, ಹಡಗಿನ ನಡುಭಾಗದ ಕ್ಯಾಬಿನ್ನೇ ಕೇಳಿ ತಗೊಳ್ಳಿ. ನಮ್ಮ ಮನೆಯಲ್ಲಿ ಐದಕ್ಕೇ ಏಳುವವರು, ಡಿಸ್ಕೋ ಬಾರ್ ಬೇಡದವರು, ಹಾಗಾಗಿ ಇದು ಹೊಂದುತ್ತದೆ. ಒಂಬತ್ತಕ್ಕೆ ಮುಂಚೆ ಏಳದವರಿಗೆ, ಇಲ್ಲವೇ ಡಿಸೆಂಬರಿನಲ್ಲಿ ಬರುವವರಿಗೆ ನಾನೇ ಹೆಲ್ಸಿಂಕಿ ಅನ್ನುತ್ತೇನೆ. ಚಳಿಗಾಲದಲ್ಲಿ ಮೂರು ಗಂಟೆಗೇ ಕತ್ತಲಾದರೆ ಯಾವ ದ್ವೀಪ ನೋಡುವುದು?

ಬರುವ ಬೇಸಿಗೆಗೆ ಅತ್ತೆ-ಮಾವ ಬರುತ್ತಿದ್ದಾರೆ. ನಾನು ಇಷ್ಟೆಲ್ಲ ಹೇಳಿದರೂ ಹೆಂಡತಿ ಅವರಿಗೆ ಬುಕ್ ಮಾಡಿರುವುದು ಹೆಲ್ಸಿಂಕಿಯನ್ನೇ, ಅದೂ ಬೀದಿ ಕಡೆ ಕಿಟಕಿ ಇರುವ ಕ್ಯಾಬಿನ್. "ನಮ್ಮಪ್ಪನ ಗೊರಕೆ ಮುಂದೆ ನಿಮ್ಮ ಥ್ರಸ್ಟರ್ ಏನು ರೀ" ಅನ್ನುವುದು ಅವಳ ವಾದ.