ಮೇಲ್ ಫಂಕ್ಷನ್ ಟ್ರೂ ಅಂತ ಹೇಳಿದ್ರೆ ಮೇಲ್ ತಲುಪ್ತು ಅಂತ ಅಲ್ಲ, ದಯವಿಟ್ಟು ನಂಬ್ಬೇಡಿ

ವೆಬ್‌ಸೈಟ್ ಬರೆಯೋ ಭಾಷೆ ಪಿಎಚ್‌ಪಿಯಲ್ಲಿ ಮೇಲ್, ಎಸ್ಸೆಮ್ಮೆಸ್ ಕಳ್ಸೋ ಸ್ಕ್ರಿಪ್ಟ್ ಬರೀತಿರೋರು ಇದನ್ನ ಪೂರ್ತಿ ಓದಿ, ಉದ್ದ ಇದೆ ಆದ್ರೂ ಓದಿ. ನಾನು ಮಾಡಿದ ತಪ್ಪಿಂದ ಒಬ್ರು ಹೆಣ್ಮಗಳು ಟ್ರೇನಿಂಗ್ ಸೀಟ್ ಕಳ್ಕೊಂಡ್ರು. "ಸರ್, ನಾನು ದಿನಾ ಬೆಳಿಗ್ಗೆ ಸಂಜೆ ಮೇಲ್ ತೆಗ್ದು ನೋಡ್ತಾನೇ ಇದ್ದೆ, ಏನೂ ಬರ್ಲೇ ಇಲ್ಲ" ಅಂತ ಅವ್ರು ಫೋನಲ್ಲಿ ಹೇಳಿದ್ದು ಇವತ್ತಿಗೂ ಕಿವೀಲಿದೆ. ಅವತ್ತು ನಾನು ಅವ್ರಿಗೆ ಕೊಟ್ಟ ಉತ್ತರ ಏನು ಗೊತ್ತಾ, ಸ್ಪ್ಯಾಮ್ ಫೋಲ್ಡರ್ ನೋಡಿ ಮೇಡಂ, ನಮ್ ಕಡೆಯಿಂದ ಹೋಗಿದೆ ಅಂತ. ಹೋಗಿರ್ಲಿಲ್ಲ.

ಕೆಲಸ ಇಷ್ಟೇ. ಒಂದು ತರಬೇತಿಗೆ ಆನ್‌ಲೈನ್ ನೋಂದಣಿ, ಫಾರಂ ತುಂಬಿದೋರಿಗೆ ಒಂದು ಮೇಲ್, ಸೀಟ್ ಸಿಕ್ಕಿದ್ಮೇಲೆ ಇನ್ನೊಂದು ಮೇಲ್, ಅದ್ರಲ್ಲಿ ಇರೋ ಲಿಂಕ್ ಒತ್ತಿ ಇಂತಿಷ್ಟು ದಿನದೊಳಗೆ ಒಪ್ಪಿಗೆ ಕೊಡ್ಬೇಕು, ಕೊಡ್ಲಿಲ್ಲ ಅಂದ್ರೆ ಸೀಟ್ ಮುಂದಿನವ್ರಿಗೆ. ನಾನು ಸೀದಾ ಪಿಎಚ್‌ಪಿ ಜೊತೆ ಬರೋ ಮೇಲ್ ಫಂಕ್ಷನ್ ಕರ್ದೆ, ಅದು ಟ್ರೂ (ಸರಿ ಆಯ್ತು) ಅಂತ ಉತ್ತರ ಕೊಟ್ರೆ ಡೇಟಾಬೇಸಲ್ಲಿ ಸೆಂಟ್ ಅನ್ನೋ ಕಾಲಂಗೆ 1 ಹಾಕ್ದೆ. ನನ್ನ ಮೇಲ್‌ಗೇ ಎರಡು ಸಲ ಕಳ್ಸಿ ನೋಡ್ದೆ, ಬಂತು, ಮುಗೀತು ಅಂದ್ಕೊಂಡೆ. ಒಂಬತ್ತು ದಿನ ಆದ್ಮೇಲೆ ಫೋನ್ ಬರಕ್ಕೆ ಶುರುವಾಯ್ತು, ಡೇಟಾಬೇಸ್ ತೆಗ್ದು ನೋಡಿದ್ರೆ ಎಲ್ಲಾ ಸಾಲಲ್ಲೂ 1, 1, 1, ಅದನ್ನ ನೋಡ್ಕೊಂಡು ನಾನು ಎಲ್ರಿಗೂ ಧೈರ್ಯವಾಗಿ ಹೋಗಿದೆ ಹೋಗಿದೆ ಅಂತಲೇ ಹೇಳ್ತಾ ಬಂದೆ.

ಆ ಟ್ರೂಗೆ ಅರ್ಥ ಏನು ಅಂತ ಪಿಎಚ್‌ಪಿ ಮ್ಯಾನುಯಲ್‌ನಲ್ಲೇ ಬರ್ದಿದೆ, ನಾನು ಓದಿರ್ಲಿಲ್ಲ ಅಷ್ಟೇ. ನಿಮ್ಮ ಸರ್ವರ್‌ನಲ್ಲಿರೋ ಸೆಂಡ್‌ಮೇಲ್ ಪ್ರೋಗ್ರಾಮ್ ಆ ಮೇಲನ್ನ ಕೈಗೆ ತಗೊಂಡಿದೆ, ಅಷ್ಟು ಮಾತ್ರ. ಪತ್ರನ ಡಬ್ಬಿಗೆ ಹಾಕಿದ ಹಾಗೆ, ಆಮೇಲೆ ಅದು ಮನೆ ಸೇರ್ತಾ, ವಾಪಸ್ ಬಂತಾ, ದಾರೀಲಿ ಬಿತ್ತಾ, ಪಿಎಚ್‌ಪಿಗೆ ಗೊತ್ತೇ ಇರಲ್ಲ. ಹೊರಗೆ ಹೋಗಿ ಎದುರಿನ ಸರ್ವರ್ ಬೇಡ ಅಂದಿದ್ರೂ ನಿಮಗೆ ಟ್ರೂನೇ.

ಮತ್ತೆ ಬೇಡ ಅಂದಿದ್ದು ನನಗ್ಯಾಕೆ ತಿಳೀಲಿಲ್ಲ? ತಲುಪದ ಮೇಲ್ ವಾಪಸ್ ಬರತ್ತೆ, ಬೌನ್ಸ್ ಅಂತಾರಲ್ಲ, ಅದು ನೀವು ಫ್ರಂ ಅಲ್ಲಿ ಹಾಕಿರೋ ವಿಳಾಸಕ್ಕೆ ಬರಲ್ಲ, ಲಕೋಟೆ ಮೇಲಿನ ಕಳುಹಿಸುವವರ ವಿಳಾಸ ಅಂತ ಬೇರೆ ಇರತ್ತೆ, ಅಲ್ಲಿಗೆ ಬರತ್ತೆ. ನಾವು ಏನೂ ಹೇಳ್ದಿದ್ರೆ ಆ ಜಾಗದಲ್ಲಿ ವೆಬ್ ಸರ್ವರ್ ಯಾವ ಯೂಸರ್ ಹೆಸರಲ್ಲಿ ಓಡ್ತಿದ್ಯೋ ಅದೇ ಹೆಸರು ಕೂತ್ಕೊಳತ್ತೆ. ಸರ್ವರ್ ಒಳಗೆ ಆ ಯೂಸರ್‌ನ ಮೇಲ್‌ಬಾಕ್ಸ್ ಫೈಲ್ ಒಂದು ಬಿದ್ದಿತ್ತು, ಯಾರೂ ಯಾವತ್ತೂ ತೆಗೀದೇ ಇರೋ ಫೈಲ್. ತೆಗ್ದೆ. ಒಳಗೆ 400ಕ್ಕೂ ಜಾಸ್ತಿ ಬೌನ್ಸ್. ಸುಮಾರು ಹೊತ್ತು ಸುಮ್ನೆ ಸ್ಕ್ರೀನ್ ನೋಡ್ತಾ ಕೂತಿದ್ದೆ, ಒಂದೊಂದು ಬೌನ್ಸೂ ಒಬ್ಬೊಬ್ಬ ಮನುಷ್ಯ ಅಲ್ವಾ.

ಅದ್ಕೇ ಮೊದಲು ಮಾಡ್ಬೇಕಾದ ಕೆಲಸ: ಮೇಲ್ ಫಂಕ್ಷನ್‌ನ ಐದನೇ ಪ್ಯಾರಾಮೀಟರ್‌ನಲ್ಲಿ ಮೈನಸ್ ಎಫ್ ಕೊಟ್ಟು ನೀವು ನಿಜವಾಗ್ಲೂ ತೆಗ್ದು ನೋಡೋ ವಿಳಾಸ ಒಂದನ್ನ ಹಾಕಿ, ಬೌನ್ಸ್ ಅಲ್ಲಿಗೆ ಬರತ್ತೆ. ಆದ್ರೆ ಆ ಜಾಗಕ್ಕೆ ಯೂಸರ್ ಟೈಪ್ ಮಾಡಿದ್ದನ್ನ ಯಾವ ಕಾರಣಕ್ಕೂ ಹಾಕ್ಬೇಡಿ. ಅದು ಸೀದಾ ಸೆಂಡ್‌ಮೇಲ್ ಕಮಾಂಡ್‌ಗೆ ಹೋಗತ್ತೆ. 2016ರ ಡಿಸೆಂಬರ್‌ನಲ್ಲಿ ಮೇಲ್ ಕಳ್ಸೋಕೆ ಬಳಸೋ ಪಿಎಚ್‌ಪಿಮೇಲರ್ ಲೈಬ್ರರಿಯಲ್ಲಿ ಸಿಕ್ಕಿದ ದೊಡ್ಡ ಭದ್ರತಾ ತೂತು ಇದೇ ಪ್ಯಾರಾಮೀಟರ್‌ದು, ವರ್ಶನ್ 5.2.18ರಲ್ಲಿ ಮುಚ್ಚಿದ್ರು, ಅದನ್ನೂ ದಾಟೋ ದಾರಿ ಸಿಕ್ತು ಅಂತ 5.2.20ರಲ್ಲಿ ಮತ್ತೆ ಮುಚ್ಬೇಕಾಯ್ತು. ಹಳೇ ಪ್ರಾಜೆಕ್ಟ್‌ಗಳಲ್ಲಿ ಹಳೇ ಕಾಪಿ ಇನ್ನೂ ಇರತ್ತೆ, ಇವತ್ತೇ ವರ್ಶನ್ ನೋಡ್ಕೊಳಿ. ಇನ್ನೊಂದು, ಪಿಎಚ್‌ಪಿ ಐಎನ್ಐ ಫೈಲ್‌ನಲ್ಲಿ ಮೇಲ್ ಡಾಟ್ ಲಾಗ್ ಅಂತ ಒಂದು ಸೆಟ್ಟಿಂಗ್ ಇದೆ, ಆನ್ ಮಾಡಿದ್ರೆ ಯಾವ ಸ್ಕ್ರಿಪ್ಟ್‌ನ ಎಷ್ಟನೇ ಸಾಲಿಂದ ಮೇಲ್ ಹೋಯ್ತು ಅಂತ ಬರೀತಾ ಹೋಗತ್ತೆ.

ಬೌನ್ಸ್ ಓದಿದ್ಮೇಲೆ ಕಾರಣ ಸಿಕ್ತು. ನಮ್ಮ ಡೊಮೇನ್‌ಗೆ ಎರಡು ಎಸ್‌ಪಿಎಫ್ ರೆಕಾರ್ಡ್ (ಈ ಡೊಮೇನ್ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸ್ಬಹುದು ಅಂತ ಹೇಳೋ ಸಾಲು) ಇತ್ತು, ಒಂದು ಹೋಸ್ಟಿಂಗ್‌ನೋರು ಹಾಕಿದ್ದು, ಇನ್ನೊಂದು ಯಾರೋ ಯಾವಾಗ್ಲೋ ನ್ಯೂಸ್‌ಲೆಟರ್ ಕಳ್ಸಕ್ಕೆ ಅಂತ ಸೇರ್ಸಿದ್ದು. ಒಂದು ಡೊಮೇನ್‌ಗೆ ಎಸ್‌ಪಿಎಫ್ ಒಂದೇ ಇರ್ಬೇಕು, ಎರಡಿದ್ರೆ ಎರಡೂ ಲೆಕ್ಕಕ್ಕಿಲ್ಲ, ಪರ್ಮನೆಂಟ್ ಎರರ್ ಅಂತ ಆಗೋಗತ್ತೆ. ಎರಡನ್ನೂ ಸೇರ್ಸಿ ಒಂದು ಮಾಡ್ಬೇಕು, ಸೇರ್ಸುವಾಗ ಡಿಎನ್ಎಸ್ (ಡೊಮೇನ್‌ಗಳ ವಿವರ ಇರೋ ವ್ಯವಸ್ಥೆ) ಹುಡುಕಾಟ 10ಕ್ಕಿಂತ ಜಾಸ್ತಿ ಆಗೋ ಹಾಗಿಲ್ಲ, ಅದೂ ಎರರ್‌ಗೇ ಹೋಗತ್ತೆ. ಡಿಕಿಮ್ ಸಹಿ, ಅಂದ್ರೆ ಮೇಲ್ ನಮ್ಮ ಡೊಮೇನ್‌ದೇ ಅಂತ ತೋರ್ಸೋ ಡಿಜಿಟಲ್ ಸಹಿ, ಇರ್ಲೇ ಇಲ್ಲ. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಇಬ್ರೂ ಬಿಗಿ ಮಾಡಿದಾರೆ, ಜಿಮೇಲ್ ಖಾತೆಗಳಿಗೆ ದಿನಕ್ಕೆ 5000 ಮೇಲ್ ಕಳ್ಸೋರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಆ ಪರೀಕ್ಷೆಗಳಲ್ಲಿ ಫೇಲ್ ಆದ ಮೇಲನ್ನ ಏನ್ ಮಾಡ್ಬೇಕು ಅಂತ ಹೇಳೋ ರೆಕಾರ್ಡ್) ಮೂರೂ ಬೇಕು, ನಮ್ಮಂಥ ಸಣ್ಣೋರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದ್ರೂ ಇರ್ಲೇಬೇಕು. ಹಾಗಾದ್ರೆ ನನ್ನ ಟೆಸ್ಟ್ ಮೇಲ್ ಯಾಕೆ ಬಂತು ಅಂದ್ರೆ, ನನ್ನ ಮೇಲ್‌ಬಾಕ್ಸ್ ಇದ್ದಿದ್ದು ಅದೇ ಸರ್ವರ್‌ನಲ್ಲೇ, ಹೊರಗೇ ಹೋಗಿರ್ಲಿಲ್ಲ ಅದು. ಟೆಸ್ಟ್ ಮಾಡೋದಾದ್ರೆ ಬೇರೆ ಬೇರೆ ಕಡೆ ಇರೋ ನಾಲ್ಕೈದು ಖಾತೆಗೆ ಕಳ್ಸಿ ನೋಡಿ.

ಇದೇ ಸೈಟಲ್ಲಿ ವಿಚಾರಣೆ ಫಾರಂ ಕೂಡ ಇತ್ತು. ಬರೆದವರ ವಿಳಾಸವನ್ನೇ ಫ್ರಂ ಅಲ್ಲಿ ಹಾಕ್ತಿದ್ದೆ, ರಿಪ್ಲೈ ಒತ್ತಿದ್ರೆ ಅವ್ರಿಗೇ ಹೋಗ್ಲಿ ಅಂತ. ತಪ್ಪು. ಯಾಹೂ 2014ರಿಂದಲೇ ತನ್ನ ಹೆಸರಲ್ಲಿ ಬೇರೆ ಸರ್ವರ್ ಕಳ್ಸಿದ್ರೆ ತಿರಸ್ಕರಿಸಿ ಅಂತ ಡಿಮಾರ್ಕ್‌ನಲ್ಲಿ ಹೇಳಿಟ್ಟಿದೆ, ಹಾಗಾಗಿ ಯಾಹೂ ಖಾತೆ ಇರೋರು ಬರೆದಿದ್ದು ಒಂದೂ ನಮ್ಮ ಆಫೀಸ್ ಸೇರಿರ್ಲಿಲ್ಲ. ಫ್ರಂ ಯಾವಾಗ್ಲೂ ನಿಮ್ಮ ಡೊಮೇನ್‌ದೇ ಇರ್ಲಿ, ಅವ್ರ ವಿಳಾಸ ರಿಪ್ಲೈ ಟು ಅಲ್ಲಿ ಹಾಕಿ, ಅದೂ ಪಿಎಚ್‌ಪಿಯ ಫಿಲ್ಟರ್ ವಾರ್ ಫಂಕ್ಷನ್‌ನಿಂದ ಪರೀಕ್ಷೆ ಮಾಡಿದ್ಮೇಲೆ. ಇಲ್ಲಾಂದ್ರೆ ಯಾರಾದ್ರೂ ವಿಳಾಸದ ಜಾಗದಲ್ಲಿ ಒಂದು ಹೊಸ ಸಾಲು ತುರುಕಿ ಬಿಸಿಸಿ ಅಂತ ಬರ್ದು ನಿಮ್ಮ ಫಾರಂ ಇಂದ ಸಾವಿರಾರು ಜನಕ್ಕೆ ಸ್ಪ್ಯಾಮ್ ಕಳಿಸ್ತಾರೆ.

ಸರಿ, ಮೇಲ್ ಸರ್ವರ್‌ಗೆ ನೇರವಾಗಿ ಕನೆಕ್ಟ್ ಆಗಿ ಕಳ್ಸೋ ಎಸ್ಎಂಟಿಪಿಗೆ ಹೋಗೋಣ ಅಂತ ಪಿಎಚ್‌ಪಿಮೇಲರ್ ಹಾಕ್ದೆ. 25ನೇ ಪೋರ್ಟ್ ಕೊಟ್ಟಿದ್ದೆ, ಸ್ಕ್ರಿಪ್ಟ್ ಸುಮ್ನೆ ನೇತಾಡ್ತಿತ್ತು, ಎಷ್ಟೋ ಹೋಸ್ಟಿಂಗ್‌ಗಳಲ್ಲಿ ಹೊರಗೆ ಹೋಗೋ 25 ಬಂದ್ ಮಾಡಿರ್ತಾರೆ. 587 ಕೊಟ್ರೆ ಸ್ಟಾರ್ಟ್‌ಟಿಎಲ್‌ಎಸ್ (ಮೊದಲು ಮಾಮೂಲಿ ಸಂಪರ್ಕ, ಆಮೇಲೆ ಗೂಢಲಿಪಿ), 465 ಕೊಟ್ರೆ ಮೊದಲಿಂದಲೇ ಟಿಎಲ್‌ಎಸ್ ಗೂಢಲಿಪಿ, ಇವೆರಡನ್ನ ಅದಲು ಬದಲು ಮಾಡಿದ್ರೂ ಹೀಗೇ ನೇತಾಡತ್ತೆ, ಇಲ್ಲಾ ಎರರ್ ಬರತ್ತೆ. ಜಿಮೇಲ್ ಮೂಲಕ ಕಳ್ಸೋರಿಗೆ ಮಾಮೂಲಿ ಪಾಸ್‌ವರ್ಡ್ 2022ರ ಮೇ ತಿಂಗಳ ಕೊನೆಯಿಂದ ನಡೆಯಲ್ಲ, 535 ಎರರ್ ಬರತ್ತೆ, ಟೂ ಸ್ಟೆಪ್ ಆನ್ ಮಾಡಿ ಆ್ಯಪ್ ಪಾಸ್‌ವರ್ಡ್ ತಗೋಬೇಕು. ಸರ್ಟಿಫಿಕೇಟ್ ಎರರ್ ಬಂದ್ರೆ ವೆರಿಫೈ ಪಿಯರ್‌ನ ಫಾಲ್ಸ್ ಮಾಡಿ ಅಂತ ಎಲ್ಲಾ ಕಡೆ ಬರ್ದಿರ್ತಾರೆ, ಮಾಡ್ಬೇಡಿ, ಎದುರಿಗಿರೋದು ಯಾರು ಅಂತಲೇ ನೋಡದೆ ನಿಮ್ಮ ಪಾಸ್‌ವರ್ಡ್ ಕೈಗೆ ಕೊಟ್ಟ ಹಾಗೆ ಅದು.

ಇಲ್ಲೀವರೆಗೆ ಆಗಿದ್ದು ಒಂದು ತೂಕ ಆದ್ರೆ ಇನ್ಮೇಲೆ ಆಗಿದ್ದು ಇನ್ನೊಂದು ತೂಕ, ಯಾಕಂದ್ರೆ ಇದು ಗಾಬರೀಲಿ ಮಾಡಿದ ಕೆಲಸ. ಬೌನ್ಸ್ ಆದ ಎಲ್ರಿಗೂ ಅವತ್ತು ರಾತ್ರಿನೇ ಮತ್ತೆ ಮೇಲ್, ಜೊತೆಗೆ ಒಂದು ಎಸ್ಸೆಮ್ಮೆಸ್ ಕಳ್ಸೋಣ ಅಂತ ತೀರ್ಮಾನ ಆಯ್ತು. ಸ್ಕ್ರಿಪ್ಟನ್ನ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ತಾನೇ ಓಡ್ಸೋ ಸೌಲಭ್ಯ) ನಿಮಿಷಕ್ಕೊಂದು ಸಲ ಹಾಕ್ದೆ. ಲೂಪ್ ಮುಗ್ಯಕ್ಕೆ ಮೂರು ನಾಲ್ಕು ನಿಮಿಷ ಬೇಕಿತ್ತು, ಸೆಂಟ್ ಅಂತ ಗುರುತು ಹಾಕ್ತಿದ್ದಿದ್ದು ಲೂಪ್ ಪೂರ್ತಿ ಮುಗಿದ್ಮೇಲೆ, ಅಷ್ಟರಲ್ಲಿ ಎರಡನೇ ಕ್ರಾನ್, ಮೂರನೇ ಕ್ರಾನ್ ಶುರುವಾಗಿ ಅದೇ ಪಟ್ಟಿ ತಗೊಂಡು ಅದೇ ಜನಕ್ಕೆ ಕಳ್ಸಕ್ಕೆ ಹತ್ತಿದ್ವು. ರಾತ್ರಿ ಹನ್ನೊಂದೂವರೆಗೆ ಒಬ್ಬೊಬ್ಬರ ಫೋನಿಗೆ ಒಂದೇ ಮೆಸೇಜ್ ನಾಲ್ಕು ನಾಲ್ಕು ಸಲ. ಕಾಯ್ತಾ ಇದ್ದೋರು ಒಂಬತ್ತು ದಿನ ಏನೂ ಇಲ್ದೆ, ಈಗ ಮಧ್ಯರಾತ್ರಿ ಹೀಗೆ ಬಂದ್ರೆ ಅದನ್ನ ಮೋಸದ ಮೆಸೇಜ್ ಅಂದ್ಕೊಂಡು ಲಿಂಕ್ ಒತ್ತದೇ ಬಿಟ್ಟೋರೂ ಇದ್ರು, ನನಗೆ ಜಾಸ್ತಿ ನೋವಾಗಿದ್ದು ಇದೇ.

ಕ್ರಾನ್ ಸ್ಕ್ರಿಪ್ಟ್‌ನ ಮೊದಲನೇ ಸಾಲಲ್ಲೇ ಎಫ್‌ಲಾಕ್ (ಫೈಲ್‌ಗೆ ಬೀಗ) ಹಾಕಿ, ಇನ್ನೊಂದು ಓಡ್ತಿದ್ರೆ ಇದು ತೆಪ್ಪಗೆ ಹೊರಗೆ ಹೋಗ್ಲಿ. ಅಷ್ಟೇ ಸಾಲ್ದು, ಪ್ರತಿ ಸಾಲನ್ನ ಕಳ್ಸೋಕೆ ಮುಂಚೆ "ನಾನು ತಗೊಂಡೆ" ಅಂತ ಅಪ್‌ಡೇಟ್ ಮಾಡಿ, ಅದೂ ಇನ್ನೂ ಬಾಕಿ ಇದ್ರೆ ಮಾತ್ರ ಅನ್ನೋ ಷರತ್ತು ಹಾಕಿ, ಎಷ್ಟು ಸಾಲು ಬದಲಾಯ್ತು ಅಂತ ನೋಡಿ, ಸೊನ್ನೆ ಬಂದ್ರೆ ಬೇರೆ ಯಾರೋ ತಗೊಂಡಿದಾರೆ ಅಂತ ಬಿಟ್ಟುಬಿಡಿ.

ಎಸ್ಸೆಮ್ಮೆಸ್ ಕಳ್ಸೋ ಕಂಪನಿಯ ಸರ್ವರ್‌ಗೆ, ಅಂದ್ರೆ ಗೇಟ್‌ವೇಗೆ, ಮೆಸೇಜ್ ಒಪ್ಪಿಸ್ತಿದ್ದ ಕರ್ಲ್‌ದೂ ಒಂದು ಕಥೆ. ಅದಕ್ಕೆ ಟೈಮ್‌ಔಟ್ ಕೊಡ್ದಿದ್ರೆ ಡೀಫಾಲ್ಟ್ 0, ಅಂದ್ರೆ ಎಷ್ಟೊತ್ತಾದ್ರೂ ಕಾಯ್ತಾನೇ ಇರತ್ತೆ. ಅದಕ್ಕೆ ಹೆದ್ರಿ ನಾನು 5 ಸೆಕೆಂಡ್ ಕೊಟ್ಟಿದ್ದೆ, ಟೈಮ್‌ಔಟ್ ಆದ್ರೆ ಮತ್ತೆ ಕಳ್ಸು ಅಂತಲೂ ಬರ್ದಿದ್ದೆ. ಗೇಟ್‌ವೇ ಮೆಸೇಜ್ ತಗೊಂಡು ಉತ್ತರ ಕೊಡಕ್ಕೆ 7 ಸೆಕೆಂಡ್ ಮಾಡಿದ್ರೆ ನನ್ನ ಲೆಕ್ಕದಲ್ಲಿ ಅದು ಫೇಲ್, ಅವ್ರ ಲೆಕ್ಕದಲ್ಲಿ ಹೋಗಿದೆ, ನಾನು ಮತ್ತೆ ಕಳಿಸ್ತೀನಿ. ಟೈಮ್‌ಔಟ್ ಅಂದ್ರೆ ಫೇಲ್ ಅಲ್ಲ, ಏನಾಯ್ತೋ ಗೊತ್ತಿಲ್ಲ ಅಂತ. ನಿಮ್ಮ ಗೇಟ್‌ವೇ ಪ್ರತಿ ಮೆಸೇಜ್‌ಗೆ ನಮ್ಮದೇ ಒಂದು ಗುರುತಿನ ಸಂಖ್ಯೆ ಕಳ್ಸಕ್ಕೆ ಬಿಡತ್ತೆ ಅಂದ್ರೆ ಖಂಡಿತ ಬಳಸಿ, ಅದೇ ಸಂಖ್ಯೆ ಎರಡನೇ ಸಲ ಬಂದ್ರೆ ಅವ್ರೇ ತಡೀತಾರಾ ಅಂತ ಕೇಳ್ಕೊಳಿ.

ಇನ್ನು ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳ್ಸೋರು ಇದನ್ನ ನೆನಪಿಟ್ಕೊಳ್ಳಿ. 160 ಅಕ್ಷರ ಅನ್ನೋ ಲೆಕ್ಕ ನಮಗಲ್ಲ. ಅದು ಇಂಗ್ಲಿಷ್ ಥರದ 7 ಬಿಟ್ ಅಕ್ಷರಗಳಿಗೆ. ಕನ್ನಡ ಬಂತು ಅಂದ್ರೆ ಯೂನಿಕೋಡ್, ಒಂದು ಮೆಸೇಜ್‌ಗೆ 70, ಅದಕ್ಕಿಂತ ಉದ್ದ ಆಗಿ ತುಂಡಾದ್ರೆ ಒಂದೊಂದು ತುಂಡಿಗೆ 67. ಮತ್ತೆ ಕಣ್ಣಿಗೆ ಕಾಣೋ ಅಕ್ಷರ ಎಣಿಸ್ಬೇಡಿ, ಲಕ್ಷ್ಮೀ ಅಂತ ಬರೆದ್ರೆ ನಮಗೆ ಎರಡಕ್ಷರ, ಒತ್ತು ದೀರ್ಘ ಎಲ್ಲಾ ಸೇರಿ ಅಲ್ಲಿ 7. ಪಿಎಚ್‌ಪಿಯ ಸ್ಟ್ರ್‌ಲೆನ್ ಕೇಳಿದ್ರೆ ಬೈಟ್ ಲೆಕ್ಕದಲ್ಲಿ 21 ಅನ್ನತ್ತೆ, ಎಂಬಿ ಸ್ಟ್ರ್‌ಲೆನ್ ಕೇಳಿದ್ರೆ 7, ಅದೇ ಬಳಸಿ. ನಾನು 150 ಇದೆ, 160ರೊಳಗೇ ಇದೆ ಅಂತ ಕಳ್ಸಿದ್ದು ಮೂರು ಮೂರು ತುಂಡಾಗಿ ಹೋಯ್ತು, ಅದು ಬೇರೆ ನಾಲ್ಕು ಸಲ, ಅರ್ಧ ಪಟ್ಟಿಗೆ ಬರೋ ಹೊತ್ತಿಗೆ ಬ್ಯಾಲೆನ್ಸ್ ಖಾಲಿ. ಇಂಗ್ಲಿಷ್‌ನಲ್ಲಿ ಕಳ್ಸೋರೂ ಹುಷಾರು, ವರ್ಡ್ ಫೈಲ್‌ನಿಂದ ಕಾಪಿ ಮಾಡಿದಾಗ ಬರೋ ಬಾಗಿದ ಕೋಟ್ ಗುರುತು ಒಂದಿದ್ರೂ ಸಾಕು, ಇಡೀ ಮೆಸೇಜ್ ಯೂನಿಕೋಡ್ ಆಗೋಗತ್ತೆ.

ಬ್ಯಾಲೆನ್ಸ್ ಖಾಲಿ ಆಗಿದ್ದು ನನಗೆ ಗೊತ್ತಾಗಿದ್ದು ಬೆಳಿಗ್ಗೆ. ಗೇಟ್‌ವೇ ಉತ್ತರ ಎಚ್‌ಟಿಟಿಪಿ 200 (ಎಲ್ಲಾ ಸರಿ ಅನ್ನೋ ಕೋಡ್) ಬರ್ತಾನೇ ಇತ್ತು, ಬ್ಯಾಲೆನ್ಸ್ ಇಲ್ಲ ಅನ್ನೋದು ಉತ್ತರದ ಒಳಗಿನ ಜೇಸನ್ ಬರಹದಲ್ಲಿತ್ತು. ನನ್ನ ಕೋಡ್ 200 ಕಂಡ ತಕ್ಷಣ ಸೆಂಟ್ 1. ಮೇಲ್ ಫಂಕ್ಷನ್‌ನ ಟ್ರೂ ನಂಬಿ ಕೆಟ್ಟಿದ್ದೆ, ಹತ್ತು ದಿನ ಕಳೆಯೋಕೆ ಮುಂಚೆ ಅದೇ ತಪ್ಪನ್ನ ಇನ್ನೊಂದು ಕಡೆ ಮಾಡಿದ್ದೆ.

ನಂಬರ್ ವಿಷ್ಯ ಚಿಕ್ಕದಾಗಿ ಹೇಳ್ಬಿಡ್ತೀನಿ. ಹಳೇ ಟೇಬಲ್‌ನಲ್ಲಿ ಫೋನ್ ನಂಬರ್ ಕಾಲಂ ಇಂಟ್ (ಪೂರ್ಣಾಂಕ) ಆಗಿತ್ತು, ಅದಕ್ಕೆ ಹಿಡ್ಸೋ ದೊಡ್ಡ ಸಂಖ್ಯೆ 2147483647, ಮೈಎಸ್‌ಕ್ಯೂಎಲ್ ಸ್ಟ್ರಿಕ್ಟ್ ಮೋಡ್ ಆಫ್ ಇದ್ದಿದ್ರಿಂದ ಅದಕ್ಕಿಂತ ದೊಡ್ಡ ನಂಬರೆಲ್ಲಾ ಸದ್ದಿಲ್ದೆ ಅದೇ ಆಗಿತ್ತು. ನಿಮ್ಮ ಟೇಬಲ್‌ನಲ್ಲಿ ಈ ನಂಬರ್ ಒಮ್ಮೆ ಹುಡುಕಿ ನೋಡಿ. ಫೋನ್ ನಂಬರ್ ಯಾವಾಗ್ಲೂ ವಾರ್‌ಚಾರ್ (ಪಠ್ಯದ ಕಾಲಂ), ಪ್ಲಸ್ ಗುರುತು ದೇಶದ ಕೋಡ್ ಸಮೇತ. ಆ ಪ್ಲಸ್‌ನ ಹಾಗೇ ಯುಆರ್‌ಎಲ್‌ಗೆ ಅಂಟಿಸಿದ್ರೆ ಅತ್ತ ಕಡೆ ಅದು ಖಾಲಿ ಜಾಗ ಆಗತ್ತೆ, ಪಿಎಚ್‌ಪಿಯ ಎಚ್‌ಟಿಟಿಪಿ ಬಿಲ್ಡ್ ಕ್ವೆರಿ ಫಂಕ್ಷನ್‌ನಿಂದ ಕಟ್ಟಿ ಕಳ್ಸಿ.

ಈಗ ನನ್ನ ಟೇಬಲ್‌ನಲ್ಲಿ ಸೆಂಟ್ ಅನ್ನೋ ಕಾಲಂ ಇಲ್ಲ. ಸ್ಟೇಟಸ್ ಅಂತ ಇದೆ, ಬಾಕಿ, ತಗೊಂಡಿದೆ, ಒಪ್ಪಿಸಿದೆ, ತಲುಪಿದೆ, ವಾಪಸ್ ಬಂತು, ಹೀಗೆ. ತಲುಪಿದೆ ಅಂತ ಬರ್ಯೋದು ಗೇಟ್‌ವೇಯಿಂದ ಡೆಲಿವರಿ ರಿಪೋರ್ಟ್ ಬಂದ್ಮೇಲೆ ಮಾತ್ರ. ಮೇಲ್‌ಗೆ ಅಂಥ ಗ್ಯಾರಂಟಿ ಇಲ್ಲ, ಒಪ್ಪಿಸಿದೆ ಅನ್ನೋದೇ ಕೊನೆ, ಬೌನ್ಸ್ ಬಂದ್ರೆ ಓದಿ ಗುರುತು ಹಾಕ್ತೀನಿ, 4ರಿಂದ ಶುರುವಾಗೋ ಕೋಡ್ ಆದ್ರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ, 5ರಿಂದ ಶುರುವಾದ್ರೆ ನಿಲ್ಸಿ ಒಬ್ಬ ಮನುಷ್ಯ ನೋಡ್ಬೇಕು. ಒಪ್ಪಿಗೆ ಕೊಡೋ ಕೊನೇ ದಿನಕ್ಕೆ ಎರಡು ದಿನ ಮುಂಚೆ, ಲಿಂಕ್ ಒತ್ತದೇ ಇರೋರ ಪಟ್ಟಿ ತೆಗ್ದು ಆಫೀಸ್‌ನೋರು ಒಬ್ಬೊಬ್ರಿಗೇ ಫೋನ್ ಮಾಡ್ತಾರೆ, ಇದು ನಾನು ಗಟ್ಟಿಯಾಗಿ ಕೂತು ಹಠ ಮಾಡಿ ಹಾಕ್ಸಿದ ನಿಯಮ. ಆ ಹೆಣ್ಮಗಳಿಗೆ ಮುಂದಿನ ಬ್ಯಾಚ್‌ನಲ್ಲಿ ಸೀಟ್ ಕೊಡ್ಸಕ್ಕೆ ಆಯ್ತು, ಆ ಮೇಲ್ ಹೋದಾಗ ನಾನೇ ಫೋನ್ ಮಾಡಿ ಬಂತಾ ಮೇಡಂ ಅಂತ ಕೇಳ್ದೆ, ಬಂದಿದೆ ಸರ್ ಅಂದ್ರು.